ಮಣಿಕಟ್ಟು ತಿರುಗಿಸದೆ ಗಾಳ ಹಾಕುವ ಬಗೆ

ಮಾರ್ಚ್ 4

ಮಾವನವರಿಗೆ ನಮಸ್ಕಾರ.

ಈ ಒಂದು ಸಾಲು ಬರೆಯಲು ಎರಡು ಹಾಳೆ ಹಾಳು ಮಾಡಿದೆ. ಕೋರ್ಟಿನ ಕಾಗದದ ಪ್ರಕಾರ ನೀವೀಗ ನನಗೆ ಮಾವನಲ್ಲ. ಹಾಗಾದರೆ ಏನೆಂದು ಕರೆಯಬೇಕು ಎಂದು ಆ ಕಾಗದದಲ್ಲಿ ಬರೆದಿಲ್ಲ. ಹನ್ನೊಂದು ವರ್ಷ ಬಾಯಿಗೆ ರೂಢಿಯಾದದ್ದನ್ನೇ ಬರೆದಿದ್ದೇನೆ. ಬೇಡವಾದರೆ ತಿಳಿಸಿ.

ಹತ್ತಿರ ಕೂತು ಕೂಗಿದರಷ್ಟೇ ನಿಮಗೆ ಒಂದಿಷ್ಟು ಕೇಳಿಸುತ್ತದೆ, ಫೋನು ಮಾಡಿದರೆ ಕೇಳಿಸುವುದಿಲ್ಲ. ಮನೆಗೆ ಬರೆದರೆ ನಿಮ್ಮ ಮಗನ ಕೈಗೆ ಸಿಗುತ್ತದೆ. ಅದಕ್ಕೇ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹೊಲಿಗೆ ಯಂತ್ರ ರಿಪೇರಿ ಇನ್ನೂ ನಡೆಸುತ್ತಿದ್ದೀರಿ ಎಂದುಕೊಂಡಿದ್ದೇನೆ.

ವಿಷಯ ಇಷ್ಟೇ. ನಿಮ್ಮ ಮೊಮ್ಮಗಳು ಕಡ್ಡಿಗೆ ಮೀನು ಹಿಡಿಯುವುದು ಕಲಿಯಬೇಕಂತೆ. ನಾವಿರುವ ಬೀದಿಯ ಕೊನೆಗೆ ಒಂದು ಕೆರೆ ಇದೆ. ಸುತ್ತ ಕಲ್ಲುಕಟ್ಟೆ, ಒಂದು ಕಡೆ ಪಾರ್ಕು. ವರ್ಷಕ್ಕೊಂದು ಚೀಟಿ ಮಾಡಿಸಿಕೊಂಡರೆ ಯಾರು ಬೇಕಾದರೂ ಗಾಳ ಹಾಕಬಹುದು. ಶಾಲೆಯಿಂದ ಬರುವಾಗ ಅಲ್ಲಿ ನಿಂತು ನಿಂತು ಹುಚ್ಚು ಹಿಡಿಸಿಕೊಂಡಿದ್ದಾಳೆ. "ತಾತ ಕಲಿಸ್ತೀನಿ ಅಂದಿದ್ರು, ಅಷ್ಟರಲ್ಲಿ ನಾವು ಬಂದ್ಬಿಟ್ವಿ" ಎಂದು ದಿನಾ ನನ್ನ ತಲೆ ತಿನ್ನುತ್ತಾಳೆ. ಹತ್ತು ವರ್ಷಕ್ಕೇ ಪಟ್ಟು ಹಿಡಿಯುವುದರಲ್ಲಿ ನಿಮ್ಮನ್ನೂ ಮೀರಿಸಿದ್ದಾಳೆ.

ಅಂಗಡಿಯವನು ರೀಲು ಇರುವ ಒಂದು ಕೋಲು ಕೊಟ್ಟ. ಮೊದಲ ದಿನ ಹತ್ತೇ ನಿಮಿಷದಲ್ಲಿ ದಾರವೆಲ್ಲ ಗೋಜಲಾಗಿ ಹಕ್ಕಿಗೂಡಿನ ಹಾಗಾಯಿತು. ಬಿಡಿಸಲು ಆಗದೆ ಕತ್ತರಿಸಿದೆ. ಗಾಳದ ಕೊಕ್ಕೆಯೋ, ಅದಕ್ಕೆ ನನ್ನ ಕೋಟು ನೇತುಹಾಕಬಹುದು, ಅಷ್ಟು ದೊಡ್ಡದು. ಏನು ಕೊಳ್ಳಬೇಕು, ಯಾವುದರಿಂದ ಶುರು ಮಾಡಬೇಕು ಎಂದು ಬರೆದರೆ ಉಪಕಾರ. ನನಗೆ ಈ ವಿಷಯದಲ್ಲಿ ಅ ಆ ಇ ಈ ಕೂಡ ಬರುವುದಿಲ್ಲ.

ನನ್ನ ಕೆಲಸ ಇಲ್ಲೂ ಅದೇ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬು. ಇಡೀ ದಿನ ಮೇಣ, ಗಾರೆ, ಬೇರೆಯವರ ದವಡೆ.

ಇತಿ,
ಕಡ್ಡಿಯ ಅಮ್ಮ


ಮಾರ್ಚ್ 11

ಅಮ್ಮಾ,

ಕಾಗದ ತಲುಪಿತು. ಮಾವ ಎಂದೇ ಬರೆ.

ಆ ರೀಲಿನ ಕೋಲು ಮೂಲೆಗಿಡು. ಹೊಸಬರಿಗೆ ರೀಲು ಬೇಡ. ಹತ್ತು ಅಡಿ ಉದ್ದದ ಬಿದಿರು ಸಾಕು. ಬುಡ ಹೆಬ್ಬೆರಳಿನಷ್ಟು ದಪ್ಪ, ತುದಿ ಬಾಗಿ ಮತ್ತೆ ನೆಟ್ಟಗಾಗುವಂತಿರಬೇಕು. ಕಡ್ಡಿಗೆ ಏಳು ಅಡಿ. ದಾರ ಕೋಲಿನಷ್ಟೇ ಉದ್ದ ಇರಲಿ, ಅದಕ್ಕಿಂತ ಒಂದು ಗೇಣು ಕಡಿಮೆಯಾದರೆ ಇನ್ನೂ ಒಳ್ಳೆಯದು. ತೆಳು ನೈಲಾನ್ ದಾರ. ದಪ್ಪ ದಾರ ಮೀನಿಗೆ ಕಾಣುತ್ತದೆ.

ಕೊಕ್ಕೆ ನಿನ್ನ ಕಿರುಬೆರಳಿನ ಉಗುರಿನಷ್ಟು ಚಿಕ್ಕದಿರಲಿ. ಚಿಕ್ಕ ಕೊಕ್ಕೆಯಲ್ಲಿ ದೊಡ್ಡ ಮೀನೂ ಸಿಗುತ್ತದೆ, ದೊಡ್ಡ ಕೊಕ್ಕೆಯನ್ನು ಚಿಕ್ಕ ಮೀನು ಮೂಸಿಯೂ ನೋಡುವುದಿಲ್ಲ. ಕೊಕ್ಕೆಗಿಂತ ಒಂದು ಗೇಣು ಮೇಲೆ ಮೆಣಸಿನ ಕಾಳಿನಷ್ಟು ಸೀಸದ ಗುಂಡು. ಅದರ ಮೇಲೆ ಬೆಂಡು. ಬೆಂಡು ನೀರಿನಲ್ಲಿ ಮಲಗಿದರೆ ಗುಂಡು ಸಾಲದು, ಮುಳುಗಿದರೆ ಹೆಚ್ಚಾಯಿತು. ಕಾಲು ಭಾಗ ಮೇಲೆ ನಿಂತಿರಬೇಕು.

ಗಂಟು ಹೀಗೆ. ದಾರವನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಅದೇ ದಾರದ ಮೇಲೆ ಐದು ಸುತ್ತು ಸುತ್ತು. ತುದಿಯನ್ನು ಕಣ್ಣಿನ ಪಕ್ಕದ ಸಣ್ಣ ಕುಣಿಕೆಯೊಳಗೆ ಹಾಕು. ಬಿಗಿಯುವ ಮೊದಲು ಎಂಜಲು ಹಚ್ಚು, ಇಲ್ಲದಿದ್ದರೆ ದಾರ ಬಿಸಿಯಾಗಿ ಸವೆಯುತ್ತದೆ. ಹೊಲಿಗೆ ಯಂತ್ರಕ್ಕೂ ಇದಕ್ಕೂ ಗುಟ್ಟು ಒಂದೇ, ಬಿಗಿ ಸರಿ ಇರಬೇಕು.

ಎರೆಗೆ ಮೊದಲು ಹಿಟ್ಟಿನ ಉಂಡೆ ಸಾಕು. ಎರೆಹುಳ ಆಮೇಲೆ. ಬೆಳಿಗ್ಗೆ ಬೇಗ ಹೋಗಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಕಡ್ಡಿ ಬಾಯಿ ಮುಚ್ಚಿಕೊಂಡು ಕೂರುವುದು ಎಲ್ಲಕ್ಕಿಂತ ಕಷ್ಟದ ಪಾಠ.

ಅವಳು ಈಗ ಎಷ್ಟು ಎತ್ತರ?

ಕಡ್ಡಿಯ ತಾತ


ಮಾರ್ಚ್ 27

ಮಾವನವರಿಗೆ ನಮಸ್ಕಾರ.

ನೀವು ಬರೆದ ಹಾಗೇ ಎಲ್ಲ ಕೊಂಡೆ. ಬಿದಿರು ಸಿಕ್ಕಿದ್ದು ಪರದೆ ಅಂಗಡಿಯಲ್ಲಿ. ಅವನಿಗೆ ಏತಕ್ಕೆಂದು ಹೇಳಿದಾಗ ಎರಡಡಿ ಹೆಚ್ಚು ಕೊಟ್ಟ.

ಗಂಟು ಮೊದಲ ಸಲಕ್ಕೇ ಬಂತು. ಹಲ್ಲಿಗೆ ತಂತಿ ಕಟ್ಟುವ ಕೈಗೆ ಅದು ಕಷ್ಟವಲ್ಲ. ಕಡ್ಡಿ ಎಂಜಲು ಹಚ್ಚುವ ಕೆಲಸ ತನ್ನದೇ ಎಂದು ಹೇಳಿ ಎಲ್ಲ ಗಂಟಿಗೂ ಹಚ್ಚುತ್ತಾಳೆ.

ಎರಡು ಭಾನುವಾರ ಹೋದೆವು. ಒಂದು ಮೀನೂ ಇಲ್ಲ. ಪಕ್ಕದಲ್ಲಿ ಸೈಕಲ್ ರಿಪೇರಿಯವನೊಬ್ಬ ಕೂರುತ್ತಾನೆ. ಎಲ್ಲರೂ ಅವನನ್ನು ಪಂಪು ಎನ್ನುತ್ತಾರೆ. ಬಾಯಿಗೆ ಬಿಡುವಿಲ್ಲ. "ಅಕ್ಕಾ, ಮೀನು ಹಿಡಿಯೋಕೆ ಬಂದಿದೀರೋ, ನೀರಿಗೆ ಏಟು ಹಾಕೋಕೆ ಬಂದಿದೀರೋ?" ಎಂದು ಕೇಳಿದ. ಕೇಳಿದ್ದು ಸರಿಯೇ. ನಾನು ಗಾಳ ಎಸೆದರೆ ದಾರ ನೆಟ್ಟಗೆ ಹೋಗದೆ ಛಟ್ಟೆಂದು ನನ್ನ ಮುಂದೆಯೇ ಬೀಳುತ್ತದೆ. ಪಂಪು ತೋರಿಸಿಕೊಟ್ಟ. ಬಲಗೈಯಲ್ಲಿ ಬುಡ, ಎಡಗೈ ಮೇಲೆ, ಎಸೆಯುವಾಗ ಎಡ ಮಣಿಕಟ್ಟನ್ನು ಹೊರಕ್ಕೆ ತಿರುಗಿಸಬೇಕಂತೆ.

ನನ್ನ ಎಡ ಮಣಿಕಟ್ಟು ತಿರುಗುವುದಿಲ್ಲ. ಅರ್ಧಕ್ಕೆ ನಿಲ್ಲುತ್ತದೆ. ಮೂಳೆ ಕೂಡಿದ್ದು ಸ್ವಲ್ಪ ಓರೆಯಾಗಿ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಲ್ಯಾಬಿನ ಕೆಲಸಕ್ಕೆ ತೊಂದರೆಯಿಲ್ಲ, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮಾಡುತ್ತೇನೆ. ಗಾಳಕ್ಕೆ ಬೇರೆ ಏನಾದರೂ ಉಪಾಯ ಇದೆಯೇ? ಇಲ್ಲದಿದ್ದರೆ ಕಡ್ಡಿಯೇ ಹಾಕಲಿ, ನಾನು ಪಕ್ಕದಲ್ಲಿ ಕೂರುತ್ತೇನೆ.

ಅವಳ ಎತ್ತರ ನನ್ನ ಭುಜಕ್ಕೆ ಬರುತ್ತದೆ. ಅಗಲ ಮಾತ್ರ ಹುಟ್ಟಿದಾಗಿನಷ್ಟೇ.

ಇತಿ,
ಕಡ್ಡಿಯ ಅಮ್ಮ


ಏಪ್ರಿಲ್ 30

ಅಮ್ಮಾ,

ತಡವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು. ಅಷ್ಟೇನೂ ಇರಲಿಲ್ಲ.

ನಿನ್ನ ಪ್ರಶ್ನೆಗೆ ಕೂತಲ್ಲಿಯೇ ಉತ್ತರ ಹೊಳೆಯಲಿಲ್ಲ. ಎಡ ಮಣಿಕಟ್ಟಿಗೆ ಅಂಗಡಿಯ ಮರದ ಸ್ಕೇಲು ಇಟ್ಟು ಪಟ್ಟಿ ಸುತ್ತಿಕೊಂಡು ಮೂರು ದಿನ ಇದ್ದೆ. ಸ್ಕ್ರೂ ಬಿಚ್ಚುವುದು, ಬಾಬಿನ್ ಸುತ್ತುವುದು, ಮುಖ ತೊಳೆಯುವುದು, ಅಂಗಿಯ ಗುಂಡಿ. ಬಾಗಿಲ ಚಿಲಕ ತೆಗೆಯುವುದಕ್ಕೂ ಮಣಿಕಟ್ಟು ತಿರುಗಬೇಕು ಎಂದು ಅರವತ್ತೆಂಟು ವರ್ಷಕ್ಕೆ ಗೊತ್ತಾಯಿತು. ಗಿರಾಕಿಯೊಬ್ಬಳು "ಏನಾಯ್ತಜ್ಜಾ, ಬಿದ್ರಾ?" ಎಂದು ಚೀಟಿಯಲ್ಲಿ ಬರೆದು ಕೇಳಿದಳು. ಇಲ್ಲ ಎಂದೆ.

ಭಾನುವಾರ ನದಿಗೆ ಹೋಗಿ ಹಾಗೇ ಪಟ್ಟಿ ಕಟ್ಟಿಕೊಂಡು ಪ್ರಯತ್ನಿಸಿದೆ. ಉಪಾಯ ಸಿಕ್ಕಿತು.

ಕೋಲಿನ ಬುಡವನ್ನು ಬಲ ಕಂಕುಳಲ್ಲಿ ಒತ್ತಿ ಹಿಡಿ. ಬಲಗೈ ಮುಂದಕ್ಕೆ ಚಾಚಿ ಕೋಲಿನ ಕೆಳಗೆ. ಎಡಗೈಗೆ ಕೋಲಿನ ಕೆಲಸವೇ ಬೇಡ. ಎಡಗೈಯ ಎರಡು ಬೆರಳಲ್ಲಿ ಸೀಸದ ಗುಂಡಿನ ಹತ್ತಿರ ದಾರ ಹಿಡಿದು ನಿನ್ನ ಕಡೆ ಎಳೆದುಕೋ. ಕೋಲಿನ ತುದಿ ಬಾಗುತ್ತದೆ. ಬಿಟ್ಟುಬಿಡು. ಎಸೆಯಬೇಡ, ಬರೀ ಬಿಡು. ದಾರ ಗಡಿಯಾರದ ಲೋಲಕದ ಹಾಗೆ ತೂಗಿಕೊಂಡು ತಾನೇ ಹೋಗಿ ಸದ್ದಿಲ್ಲದೆ ಬೀಳುತ್ತದೆ. ನಲವತ್ತು ವರ್ಷದಿಂದ ನಾನು ಹಾಕುತ್ತಿದ್ದುದಕ್ಕಿಂತ ಇದೇ ಚೆನ್ನಾಗಿದೆ. ಮೀನು ಬೆದರುವುದಿಲ್ಲ.

ಮೀನು ಬಂದಾಗಲೂ ಅಷ್ಟೆ. ಮೊಣಕೈ ಎತ್ತು, ಮಣಿಕಟ್ಟು ಬೇಡ.

ಕೈ ನೋಯುತ್ತದೆಯೇ?

ಕಡ್ಡಿಯ ತಾತ


ಮೇ 9

ತಾತ,

ನಾನು ಕಡ್ಡಿ. ಇದು ನನ್ನ ಸ್ವಂತ ಕಾಗದ. ಅಮ್ಮ ಓದಲ್ಲ ಅಂತ ಮಾತು ಕೊಟ್ಟಿದಾಳೆ. ಕವರ್ ನಾನೇ ಅಂಟಿಸ್ತೀನಿ.

ಅಮ್ಮಂಗೆ ಈಗ ಗಾಳ ಹಾಕೋಕೆ ಬರುತ್ತೆ. ಪಂಪು ಮಾಮ ಬಾಯಿ ಬಿಟ್ಕೊಂಡು ನೋಡಿದ್ರು. "ಇದ್ಯಾರು ಹೇಳ್ಕೊಟ್ಟಿದ್ದು?" ಅಂತ ಕೇಳಿದ್ರು. ನಮ್ ತಾತ ಅಂದೆ. ಈಗ ಅವರೂ ಕಂಕುಳಲ್ಲಿ ಇಟ್ಕೋತಾರೆ. ಆದರೆ ಮೀನು ಇನ್ನೂ ಸಿಕ್ಕಿಲ್ಲ. ಎರಡು ಸಲ ಹಿಟ್ಟು ತಿಂದ್ಕೊಂಡು ಓಡೋದ್ವು, ಕಳ್ಳ ಮೀನುಗಳು.

ನನ್ನ ಪ್ರಶ್ನೆಗಳು. ಮೀನಿಗೆ ಕಿವಿ ಇದೆಯಾ? ಇಲ್ಲದಿದ್ರೆ ನಾನು ಯಾಕೆ ಸುಮ್ಮನೆ ಕೂತ್ಕೋಬೇಕು? ಎರೆಹುಳಕ್ಕೆ ನೋವಾಗುತ್ತಾ? ಆಗುತ್ತೆ ಅಂದ್ರೆ ನಾನು ಹಿಟ್ಟಲ್ಲೇ ಹಿಡೀತೀನಿ. ಮೀನು ನಿದ್ದೆ ಮಾಡುವಾಗ ಕಣ್ಣು ಮುಚ್ಚುತ್ತಾ?

ಅಮ್ಮಂಗೆ ಕೈ ನೋಯುತ್ತೆ. ಹೇಳಲ್ಲ. ಬಿಸಿನೀರಲ್ಲಿ ಅದ್ಕೊಂಡು ರೇಡಿಯೋ ಕೇಳ್ತಾ ಕೂತಿರ್ತಾಳೆ.

ಇನ್ನೊಂದು. ಲಾಯರಮ್ಮ ನಮ್ಮನೆಗೆ ಬಂದಿದ್ರು. ರಜಕ್ಕೆಲ್ಲ ಅಪ್ಪನ ಜೊತೆ ಇರಬೇಕು ಅಂತ ಅಪ್ಪ ಕೇಳಿದಾರಂತೆ. ಜಡ್ಜು ನನ್ನ ಒಬ್ಬಳನ್ನೇ ಕೋಣೆಗೆ ಕರೆದು ಮಾತಾಡಿಸಬಹುದು ಅಂದ್ರು. ಆವತ್ತು ಅಮ್ಮ ಮೆಟ್ಟಿಲಿಂದ ಬೀಳಲಿಲ್ಲ ಅಲ್ವಾ ತಾತ? ನೀನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನಾನು ನಿನ್ನ ಹಿಂದೆ ಇದ್ದೆ. ನಿನ್ನ ಕಾಲಿನ ಸಂದಿಯಿಂದ ಕಾಣ್ತಿತ್ತು. ನಾನು ಯಾರಿಗೂ ಹೇಳಿಲ್ಲ. ಅಮ್ಮಂಗೂ ನಾನು ನೋಡಿದ್ದು ಗೊತ್ತಿಲ್ಲ. ಜಡ್ಜು ಕೇಳಿದ್ರೆ ಹೇಳ್ಬೇಕಾ? ಅಪ್ಪಂಗೆ ಬೇಜಾರಾಗುತ್ತಾ?

ಬೇಗ ಬರಿ. ಪ್ರಶ್ನೆಗೆಲ್ಲ ಉತ್ತರ ಬೇಕು, ಒಂದನ್ನೂ ಬಿಡಬಾರದು.

ಕಡ್ಡಿ


ಮೇ 19

ಕಡ್ಡಿ ಮರಿಗೆ,

ಮೀನಿಗೆ ಹೊರಗೆ ಕಾಣುವ ಕಿವಿ ಇಲ್ಲ. ತಲೆಯ ಒಳಗೆ ಇದೆ. ಅದಲ್ಲದೆ ಪಕ್ಕೆಯ ಉದ್ದಕ್ಕೂ ಒಂದು ಗೆರೆ ಇರುತ್ತದೆ, ಅದರಿಂದ ನೀರಿನ ನಡುಕವೆಲ್ಲ ತಿಳಿಯುತ್ತದೆ. ನೀನು ದಡದ ಮೇಲೆ ಧಡಧಡ ಓಡಾಡಿದರೆ ಅದಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಸುಮ್ಮನೆ ಕೂರಲೇಬೇಕು.

ಎರೆಹುಳಕ್ಕೆ ನೋವಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಹಿಟ್ಟೇ ಒಳ್ಳೆಯದು.

ಮೀನಿಗೆ ರೆಪ್ಪೆ ಇಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತದೆ.

ಕೊನೆಯ ಪ್ರಶ್ನೆಗೆ ಉತ್ತರ ಬಾಕಿ ಇದೆ. ಮರೆತಿಲ್ಲ. ಅಲ್ಲಿಯವರೆಗೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅದು ನನ್ನ ಕೆಲಸ.

ತಾತ


ಮೇ 19

ಅಮ್ಮಾ,

ಕಡ್ಡಿಯ ಕಾಗದವನ್ನು ಬೇರೆ ಕವರಿನಲ್ಲಿ ಹಾಕಿದ್ದೇನೆ. ಇದು ನಿನಗೆ.

ನಿನ್ನೆ ಅಂಗಡಿಗೆ ಕೋರ್ಟಿನವನು ಬಂದಿದ್ದ. ಜೂನ್ ಹದಿನೆಂಟಕ್ಕೆ ಸಾಕ್ಷಿಗೆ ಬರಬೇಕಂತೆ. ನನ್ನ ಹೆಸರು ಕೊಟ್ಟಿರುವುದು ನನ್ನ ಮಗನೇ. ಹಿಂದಿನ ಸಲದ ಹಾಗೆಯೇ ಹೇಳಿದರೆ ಸಾಕು ಎಂದು ಮೊನ್ನೆ ಊಟಕ್ಕೆ ಕೂತಾಗ ಬರೆದು ತೋರಿಸಿದ.

ನೇರವಾಗಿ ಕೇಳುತ್ತೇನೆ, ಸಿಟ್ಟಾಗಬೇಡ. ಎರಡು ವರ್ಷ ಒಂದು ಸಾಲೂ ಇಲ್ಲ. ಈ ವರ್ಷವೇ, ಅದೂ ಮಾರ್ಚಿನಲ್ಲಿ ನಿನಗೆ ಗಾಳದ ಪಾಠ ಬೇಕಾಯಿತು. ನಿನಗೆ ಆಗಲೇ ನೋಟೀಸು ಬಂದಿತ್ತೇ?

ಕಡ್ಡಿಯ ತಾತ


ಮೇ 28

ಮಾವನವರಿಗೆ,

ಬಂದಿತ್ತು. ಫೆಬ್ರವರಿ ಇಪ್ಪತ್ತೈದಕ್ಕೆ ಬಂತು. ನಾನು ನಿಮಗೆ ಬರೆದದ್ದು ಅದಾಗಿ ಏಳು ದಿನಕ್ಕೆ.

ಕಡ್ಡಿ ಗಾಳ ಗಾಳ ಎಂದು ಕುಣಿಯುತ್ತಿದ್ದುದು ಅದಕ್ಕೂ ಮೊದಲಿನಿಂದ. ಅದೂ ನಿಜ, ಇದೂ ನಿಜ. ಅವಳು ಕೇಳಿದಾಗ ಪಂಪುವನ್ನೇ ಕೇಳಿ ಕಲಿಯಬಹುದಿತ್ತು. ನಿಮಗೇ ಯಾಕೆ ಬರೆದೆ ಎಂದರೆ, ನೀವು ಹೇಗಿದ್ದೀರಿ ಎಂದು ನೋಡಬೇಕಿತ್ತು. ನನ್ನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ ಮಾವ ಇದ್ದಾರೋ, ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ "ಮೆಟ್ಟಿಲಿಂದ ಬಿದ್ಲು" ಎಂದ ಮಾವ ಇದ್ದಾರೋ. ಕೋರ್ಟಿನಲ್ಲೂ ಅದನ್ನೇ ಹೇಳಿದಿರಿ. ನನ್ನ ಮುಖ ನೋಡದೆ ಹೇಳಿದಿರಿ. ಅವನು ಹೊಡೆದದ್ದಕ್ಕಿಂತ ನನಗೆ ಅದೇ ಹೆಚ್ಚು ದಿನ ನೋವು ಕೊಟ್ಟಿತು. ಅವನ ಕೈ ಹೇಗೆಂದು ನನಗೆ ಗೊತ್ತಿತ್ತು, ನೀವು ಹೀಗೆಂದು ಗೊತ್ತಿರಲಿಲ್ಲ.

ಹೀಗೆ ಹೇಳಿ ಎಂದು ನಾನು ಕೇಳಿಲ್ಲ. ಕೇಳುವುದೂ ಇಲ್ಲ. ನನ್ನ ಲಾಯರಮ್ಮ ಕೇಳು ಎಂದಳು, ಆಗುವುದಿಲ್ಲ ಎಂದೆ. ಹಿಂದೆ ಹೇಳಿದ್ದು ಸುಳ್ಳು ಎಂದು ಈಗ ಒಪ್ಪಿಕೊಂಡರೆ ನಿಮ್ಮ ಮೇಲೇ ಕೇಸು ಹಾಕಬಹುದು, ಇದೂ ತಿಳಿದಿರಲಿ. ಇನ್ನು ಬರೆಯುವುದು ಬೇಡ ಎನಿಸಿದರೆ ಬರೆಯಬೇಡಿ. ಗಂಟು ಹಾಕಲು ಕಲಿಸಿದ್ದಕ್ಕೆ, ಕೈಗೆ ಸ್ಕೇಲು ಕಟ್ಟಿಕೊಂಡದ್ದಕ್ಕೆ ನನ್ನ ನಮಸ್ಕಾರ. ಅದನ್ನು ಓದಿ ಲ್ಯಾಬಿನ ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ಭಾನುವಾರ ಮೀನು ಸಿಕ್ಕಿತು. ಅದನ್ನು ನಿಮಗಲ್ಲದೆ ಇನ್ನಾರಿಗೆ ಬರೆಯಲಿ?

ಕಡ್ಡಿ ಶೂಸಿನ ದಾರ ಕಟ್ಟಿಕೊಳ್ಳುತ್ತಿದ್ದಳು. ನನ್ನ ಬೆಂಡು ಒಮ್ಮೆ ನಡುಗಿತು, ಆಮೇಲೆ ಸುಮ್ಮನಾಯಿತು. ಆಮೇಲೆ ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಇಲ್ಲವೇ ಇಲ್ಲ. ಪಂಪು "ಎತ್ತಿ ಅಕ್ಕಾ, ಎತ್ತಿ! ಏನ್ ನೋಡ್ತಾ ನಿಂತಿದೀರಿ?" ಎಂದು ಕಿರುಚಿದ. ಮೊಣಕೈ ಎತ್ತಿದೆ. ಕೋಲು ಬಾಗಿತು. ಆ ಭಾರ ಕೋಲಿನಿಂದ ಕಂಕುಳಿಗೆ, ಕಂಕುಳಿಂದ ಎದೆಗೆ ಬಂತು. ಅಂಗೈಗಿಂತ ತುಸು ಉದ್ದದ ಗೆಂಡೆ ಮೀನು. ಕಡ್ಡಿ ಕೈ ಒದ್ದೆ ಮಾಡಿಕೊಂಡು ಹಿಡಿದಳು. ಒಣ ಕೈಯಲ್ಲಿ ಹಿಡಿದರೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ ಎಂದು ಪಂಪು ಹೇಳಿಕೊಟ್ಟಿದ್ದ. ಕೊಕ್ಕೆ ನಾನೇ ಬಿಡಿಸಿದೆ. ಹಲ್ಲಿನ ಸಂದಿಯಿಂದ ಮೇಣ ತೆಗೆಯುವ ಹಾಗೆ. ನೀರಿಗೆ ಬಿಟ್ಟೆವು. "ಅದು ಹೋಗೋಕ್ ಮುಂಚೆ ಒಂದ್ಸಲ ನಿಂತು ನನ್ನೇ ನೋಡ್ತು" ಎನ್ನುತ್ತಾಳೆ. ನೋಡಲಿಲ್ಲ, ದಿಕ್ಕೆಟ್ಟು ನಿಂತಿತ್ತು. ಅವಳು ಹಾಗೇ ನಂಬಿಕೊಂಡಿರಲಿ.

ಕಡ್ಡಿಯ ಅಮ್ಮ


ಜೂನ್ 6

ಅಮ್ಮಾ,

ಮೊದಲ ಮೀನು ಗೆಂಡೆಯಾದದ್ದು ಒಳ್ಳೆಯದು. ಅದು ಬಾಯಿ ಮೆತ್ತಗಿರುವ ಮೀನು. ರಭಸಕ್ಕೆ ಎಳೆದಿದ್ದರೆ ಕಿತ್ತುಕೊಂಡು ಹೋಗುತ್ತಿತ್ತು. ಸರಿಯಾಗಿ ಎತ್ತಿದ್ದೀಯೆ.

ನಾನೂ ಒಂದು ಒಪ್ಪಿಕೊಳ್ಳಬೇಕು. ಅವನು ಅರ್ಜಿ ಹಾಕುವುದು ನನಗೆ ಜನವರಿಯಲ್ಲೇ ಗೊತ್ತಿತ್ತು. ನಿನ್ನ ಮೊದಲ ಕಾಗದ ಬಂದಾಗ ಅದಕ್ಕೇ ಬರೆದಿದ್ದಾಳೆ ಎಂದುಕೊಂಡೆ. ಆದರೂ ಬಿದಿರಿನ ಬಗ್ಗೆ ಎರಡು ಪುಟ ಬರೆದೆ. ಕೋಲು, ದಾರ, ಸೀಸ ಎಂದು ಬರೆಯುತ್ತ ಹೋದರೆ ಬೇರೆಯದು ಬರೆಯಬೇಕಿಲ್ಲವಲ್ಲ. ನಿನ್ನನ್ನು ಕೇಳಿದ್ದು ತಪ್ಪು.

ಅವನು ನನ್ನ ಮಗ. ಇದನ್ನು ಬರೆಯದೆ ಇರಲಾರೆ. ಅವನ ತಾಯಿ ಹೋದಾಗ ಅವನಿಗೆ ಒಂಬತ್ತು. ಮಿಲ್ಲಿನ ರಾತ್ರಿಪಾಳಿಗೆ ಹೋಗುವಾಗ ಅವನನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಅವನು ಹೀಗಾದದ್ದು ಅದಕ್ಕೇ ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಅವನೊಬ್ಬನೇ ಉಳಿದದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಬಂತು. ಬಂದ ಮೇಲೆ ಅದನ್ನೇ ಹಿಡಿದುಕೊಂಡೆ. ಕೋರ್ಟಿನಲ್ಲಿ "ಜಗಳ ಕೇಳಿಸಿತೇ?" ಎಂದು ಬರೆದು ಕೇಳಿದರು. ಇಲ್ಲ, ನನಗೆ ಕಿವಿ ಕೇಳಿಸುವುದಿಲ್ಲ ಎಂದೆ. ಅದು ಸುಳ್ಳಲ್ಲ. ಕಣ್ಣಿನ ವಿಷಯ ಯಾರೂ ಕೇಳಲಿಲ್ಲ.

ಕಡ್ಡಿ ನನಗೆ ಬರೆದ ಕಾಗದದಲ್ಲಿ ಏನಿತ್ತೆಂದು ಅವಳನ್ನು ಕೇಳಬೇಡ. ಹದಿನೆಂಟರ ನಂತರ ನಾನೇ ಹೇಳುತ್ತೇನೆ.

ಹದಿನೆಂಟಕ್ಕೆ ಬರುತ್ತೇನೆ.

ಕಡ್ಡಿಯ ತಾತ


ಜೂನ್ 20

ಮಾವನವರಿಗೆ ನಮಸ್ಕಾರ.

ಚೀಟಿಯಲ್ಲಿ ಬರೆದು ತೋರಿಸಿದ ಪ್ರಶ್ನೆಗಳಷ್ಟೇ ನಿಮಗೆ ಗೊತ್ತು. ಅವುಗಳ ನಡುವೆ ಅಲ್ಲಿ ಏನೇನು ಮಾತು ನಡೆಯಿತೆಂದು ನಿಮಗೆ ಯಾರೂ ಹೇಳಿರಲಾರರು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಗನ ಲಾಯರು ಮೊದಲ ಚೀಟಿ ಕೊಟ್ಟಾಗ ನೀವು ಅದನ್ನು ಓದಿ ಮೇಜಿನ ಮೇಲೆ ಇಟ್ಟಿರಿ. "ಇವಳು ಬೀಳಲಿಲ್ಲ. ಇವನು ಕೈ ತಿರುಚಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಿಡಿಸಲಿಲ್ಲ" ಎಂದಿರಿ. ನಿಮ್ಮ ದನಿ ಎಷ್ಟು ದೊಡ್ಡದಾಗಿತ್ತೆಂದು ನಿಮಗೆ ಗೊತ್ತಿಲ್ಲ. ಹೊರಗೆ ಕಾರಿಡಾರಿನಲ್ಲಿ ಇದ್ದವರೂ ಒಳಗೆ ಇಣುಕಿದರು.

ಲಾಯರು ಎದ್ದು ನಿಂತು, "ಇವರಿಗೆ ವಯಸ್ಸಾಗಿದೆ, ಪ್ರಶ್ನೆ ಅರ್ಥ ಆಗಿಲ್ಲ" ಎಂದ. ಜಡ್ಜಮ್ಮ, "ನನಗೆ ಅರ್ಥ ಆಯ್ತು, ಅವರಿಗೆ ಆಗಿರೋದ್ರಲ್ಲಿ ಅನುಮಾನ ಇಲ್ಲ" ಎಂದರು. ಆಮೇಲೆ ಅವರೇ ಚೀಟಿ ಬರೆದರು. ಹಿಂದೆ ಸುಳ್ಳು ಹೇಳಿದಿರಾ ಎಂದು ಕೇಳಿದ ಚೀಟಿ ಅದೇ ಇರಬೇಕು, ನೀವು "ಹೌದು" ಎಂದಿರಿ. "ಇದಕ್ಕೆ ಶಿಕ್ಷೆ ಆಗಬಹುದು ಅಂತ ಇವರಿಗೆ ಗೊತ್ತಾ?" ಎಂದು ಅವರು ಗುಮಾಸ್ತನನ್ನು ಕೇಳಿದರು. ಅವನು ಅದನ್ನು ಬರೆದು ತೋರಿಸಿದಾಗ ನೀವು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, "ಗೊತ್ತು, ಕೂತ್ಕೋಬಹುದಾ? ಕಾಲು ನೋಯ್ತಿದೆ" ಎಂದಿರಿ. ಯಾರೋ ನಕ್ಕರು. ನಗೆಯಾಡಿದ್ದಲ್ಲ, ಉಸಿರು ಬಿಟ್ಟದ್ದು.

ನಿಮ್ಮ ಮಗ ತಲೆ ಎತ್ತಲೇ ಇಲ್ಲ. ನೀವು ಹೊರಗೆ ಹೋದ ಮೇಲೆ ಒಂದೇ ಮಾತು ಹೇಳಿದ. "ನಮ್ಮಪ್ಪ ಹೇಳಿದ್ದು ನಿಜ." ಲಾಯರು ಅವನ ತೋಳು ಹಿಡಿದು ಕೂರಿಸಿದ. ಇದನ್ನು ನೀವು ತಿಳಿದಿರಬೇಕು ಎನಿಸಿತು. ಅವನ ಪರವಾಗಿ ನಾನು ಬರೆಯುತ್ತಿರುವ ಒಂದೇ ಸಾಲು ಇದು.

ತೀರ್ಪು: ರಜೆಗೆ ಕಳಿಸಬೇಕಾಗಿಲ್ಲ. ತಿಂಗಳಿಗೆ ಎರಡು ಸಲ, ಎರಡೆರಡು ಗಂಟೆ, ಇಲ್ಲಿಯ ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಅಲ್ಲಿಯ ಸಿಬ್ಬಂದಿಯ ಎದುರು ಅವನು ಅವಳನ್ನು ನೋಡಬಹುದು. ನಿಮಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ, ಅದರ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಕಡ್ಡಿಯನ್ನು ಕೋಣೆಗೆ ಕರೆಯಲೇ ಇಲ್ಲ. ಅವಳು ಹೊರಗಿನ ಬೆಂಚಿನ ಮೇಲೆ ಕೂತು ಗಂಟು ಹಾಕಿ ಬಿಚ್ಚಿ ಮಾಡುತ್ತಿದ್ದಳು.

ಅಲ್ಲಿ ನಿಮ್ಮನ್ನು ಮಾತಾಡಿಸಬೇಕೆಂದು ಮೆಟ್ಟಿಲವರೆಗೆ ಬಂದೆ. ನೀವು ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದಿರಿ. ಕರೆದರೂ ಕೇಳಿಸುತ್ತಿರಲಿಲ್ಲ. ಓಡಿ ಬಂದು ಭುಜ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಯಾಕೆಂದು ಇನ್ನೂ ಯೋಚಿಸುತ್ತಿದ್ದೇನೆ.

ಕಡ್ಡಿಯ ಅಮ್ಮ


ಜುಲೈ 2

ಅಮ್ಮಾ,

ನಿನ್ನ ಕಾಗದವನ್ನು ತುಂಬ ಸಲ ಓದಿದೆ. ಅವನು ಹೇಳಿದ ಒಂದು ಸಾಲನ್ನು ಹೆಚ್ಚು ಸಲ.

ಅವನು ಮನೆ ಬಿಟ್ಟು ಬೇರೆ ಕೋಣೆ ಮಾಡಿಕೊಂಡಿದ್ದಾನೆ. ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅಡುಗೆಮನೆಯ ಬಲ್ಬು ಕೆಟ್ಟಿತ್ತು, ಸ್ಟೂಲು ಹಾಕಿ ಹತ್ತಿ ಅದನ್ನು ಬದಲಿಸಿ ಹೋದ. ಎಲೆಕ್ಟ್ರಿಶಿಯನ್ ಬುದ್ಧಿ. ನಾನು ಅಂಗಡಿಯಲ್ಲೇ ಹೆಚ್ಚು ಹೊತ್ತು ಇರುತ್ತೇನೆ. ಬ್ರೆಡ್ಡು ತಿನ್ನುತ್ತೇನೆ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಕೆಟ್ಟದಾಗೇನೂ ಇಲ್ಲ.

ಕಡ್ಡಿಗೆ ಒಂದು ಉತ್ತರ ಬಾಕಿ ಇತ್ತು. ಅವಳಿಗೆ ಇಷ್ಟು ಹೇಳು: "ಜಡ್ಜಿಗೆ ನೀನು ಹೇಳಬೇಕಾಗಿಲ್ಲ, ತಾತ ಹೇಳಿಯಾಯಿತು." ಅವಳಿಗೆ ಅರ್ಥವಾಗುತ್ತದೆ. ಈಗ ನಿನಗೂ ಅರ್ಥವಾಗಿರಬೇಕು. ಆವತ್ತು ಅವಳು ನನ್ನ ಹಿಂದೆ ನಿಂತಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಗಲೇ ಬೇರೆ ಥರ ಮಾಡುತ್ತಿದ್ದೆನೆಂದು ಹೇಳುವ ಧೈರ್ಯ ನನಗಿಲ್ಲ. ಅವಳನ್ನು ಗದರಬೇಡ. ಇಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದಾಳೆ, ನಿನ್ನ ಹತ್ತಿರ ಆಡಿ ಹಗುರಾಗಲಿ.

ಮಳೆಗಾಲದಲ್ಲಿ ಕೆರೆ ಕೆಂಪಾಗಿರುತ್ತದೆ. ಬೆಂಡನ್ನು ಎರಡು ಗೇಣು ಕೆಳಗೆ ಸರಿಸಿ. ಮೀನು ದಡದ ಹತ್ತಿರ ಬರುತ್ತದೆ. ಕಲ್ಲು ಜಾರುತ್ತದೆ, ಚಪ್ಪಲಿ ಬೇಡ, ಶೂಸು ಹಾಕಿಕೊಳ್ಳಿ.

ಕಡ್ಡಿಯ ತಾತ


ಜುಲೈ 10

ಮಾವನವರಿಗೆ ನಮಸ್ಕಾರ.

ಕಡ್ಡಿಗೆ ನಿಮ್ಮ ಉತ್ತರ ಹೇಳಿದೆ. ಹೋಂವರ್ಕ್ ಬರೆಯುತ್ತಿದ್ದವಳು "ಸರಿ" ಎಂದಳು, ಇನ್ನೆರಡು ಲೆಕ್ಕ ಮಾಡಿದಳು. ಆಮೇಲೆ ಪೆನ್ಸಿಲ್ ಇಟ್ಟು ಅತ್ತಳು. ಎರಡು ವರ್ಷದ್ದು ಒಂದೇ ಸಲ. ಅತ್ತು ಮುಗಿದ ಮೇಲೆ ಹಸಿವಾಗುತ್ತಿದೆ ಎಂದಳು. ಅವತ್ತಿನಿಂದ ಅವಳು ನನ್ನ ಕೈ ಮುಟ್ಟಿ ಮುಟ್ಟಿ ನೋಡುತ್ತಾಳೆ. ಎಲ್ಲಿ ನೋಯುತ್ತದೆ, ಎಲ್ಲಿ ಇಲ್ಲ ಎಂದು ಪೆನ್ನಿನಲ್ಲಿ ಗುರುತು ಮಾಡಿದ್ದಾಳೆ. ಲ್ಯಾಬಿನಲ್ಲಿ ಎಲ್ಲರೂ ಏನೆಂದು ಕೇಳಿದರು. ನಿಜ ಹೇಳಿದೆ. ಈ ಊರಿನಲ್ಲಿ ಮೊದಲ ಸಲ ಹೇಳಿದ್ದು.

ಬ್ರೆಡ್ಡು ತಿಂದುಕೊಂಡು ಅಂಗಡಿಯಲ್ಲಿ ಕೂರುವುದು ಸಾಕು. ಆಗಸ್ಟಿನ ಮೊದಲ ಶನಿವಾರ ಲ್ಯಾಬಿಗೆ ಅರ್ಧ ದಿನ ರಜೆ. ಬೆಳಗಿನ ಏಳೂಕಾಲರ ಬಸ್ಸು ಹತ್ತಿದರೆ ಎರಡು ಗಂಟೆಗೆ ಇಲ್ಲಿರುತ್ತೀರಿ. ನಿಲ್ದಾಣಕ್ಕೆ ನಾವಿಬ್ಬರೂ ಬರುತ್ತೇವೆ. ನಮ್ಮದು ಒಂದೇ ಕೋಣೆ ಮತ್ತು ಅಡುಗೆಮನೆ. ಕಡ್ಡಿಯ ಮಂಚ ನಿಮಗೆ, ಅವಳು ನನ್ನ ಜೊತೆ. ನಿಮ್ಮ ಹೊದಿಕೆ ತನ್ನಿ, ನಮ್ಮಲ್ಲಿ ಎರಡೇ ಇವೆ.

ನೀವು ಬಂದರೆ ಎಲ್ಲ ಸರಿಹೋಯಿತು ಎಂದಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಅದಕ್ಕೇ ಶನಿವಾರ ಗಾಳದ ಸುದ್ದಿ ಬೇಡ. ಊಟವಾದ ಮೇಲೆ ಕಡ್ಡಿಯನ್ನು ಪಕ್ಕದ ಮನೆಗೆ ಕಳಿಸುತ್ತೇನೆ. ಆಸ್ಪತ್ರೆಯಿಂದ ಹಿಡಿದು ಈವರೆಗೆ ನಾನು ನಿಮಗೆ ಹೇಳಬೇಕೆಂದುಕೊಂಡದ್ದೆಲ್ಲ ಎದುರಿಗೆ ಕೂತು ಹೇಳಬೇಕು. ಚೀಟಿಯಲ್ಲಿ ಬರೆದು ಕೊಡುವುದಿಲ್ಲ. ನಿಮಗೆ ಕೇಳಿಸಬೇಕಾದರೆ ಕೂಗಿಯೇ ಹೇಳಬೇಕಾಗುತ್ತದೆ. ಬೀದಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ.

ಹೇಳಿ ಮುಗಿದ ಮೇಲೆ ಟೀ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಏಳಬೇಕು, ತಡವಾದರೆ ಪಂಪು ಒಳ್ಳೆಯ ಜಾಗ ಹಿಡಿದುಬಿಡುತ್ತಾನೆ.

ಇತಿ,
ಕಡ್ಡಿಯ ಅಮ್ಮ